ಕರುಳಿನ ಕ್ಯಾನ್ಸರಿಗೆ ಇಮ್ಯುನೊಥೆರಪಿ: ಟ್ರಯಲ್ ಸೇರೋದಾ, ಔಷಧಿ ಕೊಳ್ಳೋದಾ, ಕೀಮೋನೇ ಸಾಕಾ?

ಕಲಬುರಗಿಯ ಆಸ್ಪತ್ರೆ ಸಾಲಿನ ಎದುರಿಗೆ ನನ್ನದೊಂದು ಮೆಡಿಕಲ್ ಶಾಪ್ ಇದೆ. ದಿನಕ್ಕೆ ಒಬ್ಬರಾದರೂ ಫೈಲ್ ಹಿಡಿದುಕೊಂಡು ಬರುತ್ತಾರೆ. ಫೈಲ್ ಅಂದರೆ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಒಳಗೆ ಸಿಟಿ ಸ್ಕ್ಯಾನ್ ಫಿಲ್ಮು, ಬಯಾಪ್ಸಿ ರಿಪೋರ್ಟು, ಆಧಾರ್ ಜೆರಾಕ್ಸು, ರೇಷನ್ ಕಾರ್ಡು. "ಅಣ್ಣಾರ, ಕ್ಯಾನ್ಸರಿಗೆ ಇಮ್ಯುನೊ ಅಂತ ಹೊಸಾ ಇಂಜೆಕ್ಷನ್ ಬಂದದಂತ. ನಮ್ಮಪ್ಪಗ ನಡೀತದೇನ್ರಿ?" ಅಂತ ಕೇಳುತ್ತಾರೆ. ಈಗೀಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: "ಟ್ರಯಲ್‌ನಾಗ ಪುಕ್ಕಟೆ ಕೊಡ್ತಾರಂತ, ಸೇರಸಬೇಕೇನು?"

ನಾನು ಡಾಕ್ಟರಲ್ಲ. ಆದರೆ ಆಳಂದ ತಾಲೂಕಿನಲ್ಲಿ ತೊಗರಿ ಬೆಳೆಯುವ ನಮ್ಮ ಕಾಕಾನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆದಾಗ ಹೈದರಾಬಾದ್, ಮುಂಬೈ ಅಂತ ಓಡಾಡಿದವನು ನಾನೇ. ಟ್ರಯಲ್ ಅಂದರೆ ಚಿಕಿತ್ಸೆಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನ. ಅಂಥ ಎರಡು ಟ್ರಯಲ್‌ಗಳ ಕಾಗದ ಪಕ್ಕಪಕ್ಕ ಇಟ್ಟುಕೊಂಡು ಮೂರು ರಾತ್ರಿ ಓದಿದ್ದೇನೆ. ಆಗ ನನಗೆ ಯಾರೂ ಹೇಳದೇ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್ ಡಾಕ್ಟರ ಹತ್ತಿರ ಕೂತಾಗ ಏನು ಕೇಳಬೇಕು ಅನ್ನೋದಕ್ಕೆ ಇದು. ಅವರ ಬದಲಿಗೆ ಅಲ್ಲ.

ಮೊದಲು ಆ ನಾಲ್ಕು ಹೆಸರು ಹುಡುಕಿ

ಆರಿಸೋದು ಆಮೇಲೆ. ಮೊದಲು ಬಯಾಪ್ಸಿ ರಿಪೋರ್ಟಿನ ಎಲ್ಲ ಪುಟ ತಿರುವಿ ಹಾಕಿ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಅಂತ ನಾಲ್ಕು ಹೆಸರಿವೆಯಾ? ಇದ್ದರೆ ಒಂದೊಂದರ ಮುಂದೆಯೂ 'ರಿಟೇನ್ಡ್' (ಇದೆ) ಅಥವಾ 'ಲಾಸ್' (ಇಲ್ಲ) ಅಂತ ಇರುತ್ತದೆ. ಒಂದರ ಮುಂದಾದರೂ 'ಲಾಸ್' ಅಂತಿದ್ದರೆ ಅದನ್ನು ಎಂಎಂಆರ್ ಕೊರತೆ, ಅಂದರೆ ಡಿಎಂಎಂಆರ್ ಅನ್ನುತ್ತಾರೆ. ಕೆಲವು ಲ್ಯಾಬಿನವರು ಪಿಸಿಆರ್ ಮಾಡಿ 'ಎಂಎಸ್ಐ-ಹೈ' ಅಂತ ಬರೆಯುತ್ತಾರೆ. ಹೆಚ್ಚುಕಡಿಮೆ ಎರಡೂ ಒಂದೇ ಮಾತು.

ಈ ನಾಲ್ಕು ಪ್ರೋಟೀನ್‌ಗಳ ಕೆಲಸ ಗೊತ್ತಾಗಬೇಕಾದರೆ ನೆಹರು ಗಂಜ್‌ನ ಅಡತಿ ಅಂಗಡಿ ನೆನಪಿಸಿಕೊಳ್ಳಿ. ಒಬ್ಬ ಗುಮಾಸ್ತ ಚೀಟಿಯಲ್ಲಿದ್ದ ಲೆಕ್ಕವನ್ನು ಖಾತೆ ಪುಸ್ತಕಕ್ಕೆ ಇಳಿಸುತ್ತಾನೆ. ಇನ್ನೊಬ್ಬ ಪಕ್ಕದಲ್ಲಿ ಕೂತು ತಪ್ಪು ತಿದ್ದುತ್ತಾನೆ. ಜೀವಕೋಶ ಒಂದು ಎರಡಾಗುವಾಗ ಡಿಎನ್ಎ ನಕಲಾಗುತ್ತದಲ್ಲ, ಅಲ್ಲಿ ತಪ್ಪು ತಿದ್ದುವವರು ಇವರು. ಇವರು ಕೆಲಸಕ್ಕೆ ಬರದಿದ್ದರೆ ತಪ್ಪಿನ ಮೇಲೆ ತಪ್ಪು ಬೀಳುತ್ತಾ ಹೋಗುತ್ತದೆ. ಕ್ಯಾನ್ಸರ್ ಆಗೋದು ಹಾಗೆ. ಆದರೆ ಇಷ್ಟೊಂದು ತಪ್ಪಿರುವ ಕೋಶ ನಮ್ಮ ದೇಹದ ಕಾವಲಿನವರ ಕಣ್ಣಿಗೆ ಪರವೂರಿನವನ ಹಾಗೆ ಕಾಣುತ್ತದೆ. ಕಾಣುತ್ತಿದ್ದರೂ ಅವರು ಹೊಡೆಯುವುದಿಲ್ಲ, ಯಾಕೆಂದರೆ ಕ್ಯಾನ್ಸರ್ ಕೋಶ ಅವರ ಮೈಮೇಲಿನ ಪಿಡಿ-1 ಅನ್ನುವ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಪೆಂಬ್ರೊಲಿಜುಮಾಬ್, ನಿವೊಲುಮಾಬ್, ಡೊಸ್ಟಾರ್ಲಿಮಾಬ್ ಇವೆಲ್ಲ ಆ ಬ್ರೇಕ್ ಬಿಡಿಸುವ ಔಷಧಿಗಳು. ಜನ 'ಇಮ್ಯುನೊ' ಅನ್ನೋದು ಇವನ್ನೇ.

ಈಗ ಕಹಿ ಮಾತು. ಎಲ್ಲ ಹಂತದವರನ್ನೂ ಸೇರಿಸಿದರೆ ಕರುಳಿನ ಕ್ಯಾನ್ಸರಿನ 100 ಜನರಲ್ಲಿ ಸುಮಾರು 15 ಜನರಿಗೆ ಈ ಕೊರತೆ ಇರುತ್ತದೆ. ನಾಲ್ಕನೇ ಹಂತದವರನ್ನು, ಅಂದರೆ ಬೇರೆ ಅಂಗಕ್ಕೂ ಹರಡಿದವರನ್ನು ಮಾತ್ರ ತಗೊಂಡರೆ ನಾಲ್ಕೈದು ಜನ, ಅಷ್ಟೇ. ಉಳಿದವರಿಗೆ ಈ ಇಂಜೆಕ್ಷನ್ ಒಂದೇ ಕೊಟ್ಟರೆ ಕೆಲಸ ಮಾಡೋದು ತೀರಾ ಅಪರೂಪ. 2015ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರ ನೇತೃತ್ವದಲ್ಲಿ ನಡೆದ ಅಧ್ಯಯನದಲ್ಲಿ ಕೊರತೆ ಇದ್ದ 10 ಜನರಲ್ಲಿ 4 ಜನರ ಗಡ್ಡೆ ಕುಗ್ಗಿತ್ತು. ಕೊರತೆ ಇಲ್ಲದ 18 ಜನರಲ್ಲಿ ಒಬ್ಬರದೂ ಕುಗ್ಗಲಿಲ್ಲ. ಪೋಲ್-ಇ ಅನ್ನುವ ಇನ್ನೊಂದು ಜೀನ್ ಕೆಟ್ಟವರಲ್ಲೂ ಔಷಧಿ ಕೆಲಸ ಮಾಡುವುದುಂಟು, ಆದರೆ ಅವರು 100ಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ಹಾಗಾಗಿ ಯಾರಾದರೂ ಟೆಸ್ಟ್ ಮಾಡಿಸದೇ "ಒಂದು ಸಲ ಇಮ್ಯುನೊ ಹಾಕಿ ನೋಡೋಣ" ಅಂದರೆ ಹೊಲ ಅಡ ಇಡೋ ಮೊದಲು ನಿಲ್ಲಿ.

ನಮ್ಮ ಕಾಕಾನ ವಿಷಯದಲ್ಲಿ ಆದದ್ದು ಹೇಳುತ್ತೇನೆ. ಎಂಟು ತಿಂಗಳು ಮಲದಲ್ಲಿ ರಕ್ತ ಹೋಯಿತು. ಎಲ್ಲರೂ ಮೂಲವ್ಯಾಧಿ ಅಂದೆವು. ಹಚ್ಚಿಕೊಳ್ಳೋ ಮುಲಾಮಿನ ಎರಡು ಟ್ಯೂಬ್ ನಾನೇ ನನ್ನ ಅಂಗಡಿಯಿಂದ ಕೊಟ್ಟಿದ್ದೆ. ಕೊನೆಗೆ ಕರುಳಿನೊಳಗೆ ಕ್ಯಾಮೆರಾ ನಳಿಗೆ ಹಾಕಿ ನೋಡುವ ಕೊಲೊನೊಸ್ಕೊಪಿ ಮಾಡಿಸಿದಾಗ ಗಡ್ಡೆ ಸಿಕ್ಕಿತು, ಸ್ಕ್ಯಾನ್‌ನಲ್ಲಿ ಲಿವರ್‌ನಲ್ಲೂ ಕಲೆ ಕಂಡವು. ಹೈದರಾಬಾದಿಗೆ ಹೋದರೆ ಅಲ್ಲಿನ ಡಾಕ್ಟರಮ್ಮ ರಿಪೋರ್ಟ್ ನೋಡಿ ಕೇಳಿದ್ದು ಒಂದೇ ಮಾತು: "ಎಂಎಂಆರ್ ಎಲ್ಲಿ?" ಮಾಡಿಸಿಯೇ ಇರಲಿಲ್ಲ. ಬ್ಲಾಕ್ ತನ್ನಿ ಅಂದರು.

ಬ್ಲಾಕ್ ಅಂದರೆ ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂರಿಸಿಟ್ಟ ಬಿಲ್ಲೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮೊದಲು ಬಯಾಪ್ಸಿ ಮಾಡಿದ ಲ್ಯಾಬಿನಲ್ಲೇ ಇರುತ್ತದೆ, ಅರ್ಜಿ ಬರೆದುಕೊಟ್ಟರೆ ಕೊಡುತ್ತಾರೆ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅದನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಅಲ್ವಾ. ನಾನು ಟಿಫಿನ್ ಡಬ್ಬಿಯಲ್ಲಿ ಹತ್ತಿ ಹಾಕಿ ಒಯ್ದೆ. ಟೆಸ್ಟಿನ ಫಲ ಬಂತು: ಎಂಎಸ್‌ಎಚ್2, ಎಂಎಸ್‌ಎಚ್6 ಎರಡೂ ಲಾಸ್. ಡಾಕ್ಟರಮ್ಮ ಮೊದಲ ಸಲ ನಕ್ಕರು. ಲಾಸ್ ಅಂದರೆ ನಗು ಯಾಕೆ ಅಂತ ಕಾಕಾನಿಗೆ ಅರ್ಥವೇ ಆಗಲಿಲ್ಲ.

ನಾಲ್ಕನೇ ಹಂತವಾದರೆ: ಕೀಮೋನಾ, ಒಂದು ಔಷಧಿನಾ, ಎರಡಾ?

ಇಲ್ಲಿ ಹೋಲಿಕೆಗೆ ಗಟ್ಟಿ ಆಧಾರ ಇದೆ. ಕೀನೋಟ್-177 ಅನ್ನುವ ಟ್ರಯಲ್‌ನಲ್ಲಿ ಡಿಎಂಎಂಆರ್ ಇದ್ದ 307 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಕೀಮೋ, ಇನ್ನೊಂದಕ್ಕೆ ಪೆಂಬ್ರೊಲಿಜುಮಾಬ್ ಮಾತ್ರ. ಫಲಿತಾಂಶ 2020ರಲ್ಲಿ ಬಂತು. ರೋಗ ಮತ್ತೆ ಮುಂದುವರಿಯದೇ ನಿಂತಿದ್ದ ಮಧ್ಯಮ ಅವಧಿ ಕೀಮೋದವರಲ್ಲಿ 8.2 ತಿಂಗಳು, ಇಂಜೆಕ್ಷನ್‌ನವರಲ್ಲಿ 16.5 ತಿಂಗಳು. ಜೋರಾದ ಅಡ್ಡಪರಿಣಾಮ ಕೀಮೋದಲ್ಲಿ 100ಕ್ಕೆ 66 ಜನರಿಗೆ, ಇಂಜೆಕ್ಷನ್‌ನಲ್ಲಿ 22 ಜನರಿಗೆ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ ಇದನ್ನು ಮೊದಲ ಚಿಕಿತ್ಸೆಯಾಗಿಯೇ ಒಪ್ಪಿತು.

ಆದರೆ ಅದೇ ಟ್ರಯಲ್‌ನ ಇನ್ನೊಂದು ಸಂಖ್ಯೆಯನ್ನು ಯಾರೂ ಜಾಸ್ತಿ ಹೇಳೋದಿಲ್ಲ. ಇಂಜೆಕ್ಷನ್ ತಗೊಂಡವರಲ್ಲಿ 100ಕ್ಕೆ 29 ಜನರಿಗೆ ಅದು ಹಿಡಿಯಲೇ ಇಲ್ಲ, ಗಡ್ಡೆ ಬೆಳೆಯುತ್ತಲೇ ಹೋಯಿತು. ಕೀಮೋದಲ್ಲಿ ಹಾಗಾದವರು 12 ಜನ. ಅಂದರೆ ಹಿಡಿದರೆ ವರ್ಷಗಟ್ಟಲೆ ಹಿಡಿಯುತ್ತದೆ, ಹಿಡಿಯದಿದ್ದರೆ ಮೊದಲ ಎರಡು ಮೂರು ತಿಂಗಳಲ್ಲೇ ಕೈ ಕೊಡುತ್ತದೆ. ಅದಕ್ಕೇ ಮೊದಲ ಸ್ಕ್ಯಾನ್ ಮುಂದೂಡಬೇಡಿ. "ಸುಗ್ಗಿ ಮುಗೀಲಿ, ಆಮ್ಯಾಲ ನೋಡೋಣ" ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

ಆ ಕಂದಕ ತುಂಬಲು ಎರಡು ಔಷಧಿ ಜೋಡಿಸಿ ನೋಡಿದರು. ನಿವೊಲುಮಾಬ್ ಜೊತೆ ಇಪಿಲಿಮುಮಾಬ್ ಅನ್ನುವ ಇನ್ನೊಂದು ಇಮ್ಯುನೊ ಔಷಧಿ. ಚೆಕ್‌ಮೇಟ್-8ಎಚ್‌ಡಬ್ಲ್ಯು ಅಂತ ಅದರ ಹೆಸರು. ಎರಡು ವರ್ಷ ಆದಮೇಲೆ ರೋಗ ಮುಂದುವರಿಯದೇ ಇದ್ದವರು ಜೋಡಿ ಔಷಧಿಯಲ್ಲಿ 100ಕ್ಕೆ 72, ಕೀಮೋದಲ್ಲಿ 14. ಇದು 2024ರ ಕೊನೆಗೆ ಪ್ರಕಟವಾಯಿತು. ಜೋಡಿಯನ್ನು ನಿವೊಲುಮಾಬ್ ಒಂದರ ಜೊತೆ ಹೋಲಿಸಿದಾಗ ಮೂರು ವರ್ಷಕ್ಕೆ 68 ಮತ್ತು 51. ಜೋರಾದ ಅಡ್ಡಪರಿಣಾಮ ಜೋಡಿಯಲ್ಲಿ 22, ಒಂದರಲ್ಲಿ 14.

ಯಾವುದು ಒಳ್ಳೇದು? ವಯಸ್ಸು ಕಡಿಮೆ ಇದ್ದು, ಗಡ್ಡೆ ಜೋರಾಗಿದ್ದು, ರಾತ್ರಿ ಹೊತ್ತು ತೊಂದರೆ ಆದರೆ ಒಂದು ತಾಸಿನೊಳಗೆ ದೊಡ್ಡ ಆಸ್ಪತ್ರೆ ಮುಟ್ಟುವಂತಿದ್ದರೆ ನನ್ನ ಮನಸ್ಸು ಜೋಡಿ ಕಡೆಗೆ. ಎಪ್ಪತ್ತು ದಾಟಿದವರು, ಒಬ್ಬರೇ ತಾಂಡಾದಲ್ಲೋ ಹೊಲದ ಮನೆಯಲ್ಲೋ ಇರುವವರು ಅಂದರೆ ಒಂದೇ ಔಷಧಿ ಸಾಕು ಅನ್ನಿಸುತ್ತದೆ. ಕೀಮೋ ಕೆಟ್ಟದ್ದಲ್ಲ. ಡಿಎಂಎಂಆರ್ ಇಲ್ಲದವರಿಗೆ ಅದೇ ದಾರಿ, ಮತ್ತು ಕಲಬುರಗಿಯ ಕಿದ್ವಾಯಿ ಶಾಖೆಯಲ್ಲಿ ಕೀಮೋ ಸಿಗುತ್ತದೆ, ಊರು ಬಿಡಬೇಕಿಲ್ಲ.

ಹಾಗಾದರೆ ಔಷಧಿ ಕೊಂಡು ಹಾಕಿಸಿದರೆ ಆಯಿತಲ್ಲ, ಟ್ರಯಲ್ ಯಾಕೆ? ದುಡ್ಡು. ಪೆಂಬ್ರೊಲಿಜುಮಾಬ್ ಒಂದು ವಯಲ್‌ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಒಂದು ಸಲಕ್ಕೆ 200 ಬೇಕು, ಅಂದರೆ ಎರಡು ವಯಲ್. ಮೂರು ವಾರಕ್ಕೊಮ್ಮೆ, ಎರಡು ವರ್ಷದವರೆಗೆ, ಒಟ್ಟು 35 ಸಲ. ವಯಲ್ ಬೆಲೆಯೇ ಲಕ್ಷದ ಮಾತು. ಗುಣಾಕಾರ ನೀವೇ ಮಾಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಯಾವ ಔಷಧಿ ಅದರಲ್ಲಿ ಬರುತ್ತದೆ ಅನ್ನೋದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಬಾಯಿಂದ ಮೊದಲೇ ಕೇಳಿಕೊಳ್ಳಿ. ಕಂಪನಿಗಳು ಇಷ್ಟು ಕೊಂಡರೆ ಇಷ್ಟು ಉಚಿತ ಅಂತ ನೆರವಿನ ಯೋಜನೆ ನಡೆಸುವುದುಂಟು. ಡಾಕ್ಟರ್ ಮೂಲಕವೇ ಅರ್ಜಿ ಹಾಕಬೇಕು.

ಕೊಂಡು ತರುವವರಿಗೆ ಅಂಗಡಿಯವನಾಗಿ ಒಂದು ಮಾತು. ಈ ವಯಲ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಹೈದರಾಬಾದಿನಿಂದ ಬಸ್ಸಿನಲ್ಲಿ ತರುವುದಾದರೆ ಥರ್ಮಾಕೋಲ್ ಡಬ್ಬಿ, ಜೆಲ್ ಪ್ಯಾಕ್ ಬೇಕೇ ಬೇಕು. ಆದರೆ ಜೆಲ್ ಪ್ಯಾಕಿಗೆ ವಯಲ್ ತಾಗಿಸಿ ಇಡಬೇಡಿ, ಹೆಪ್ಪುಗಟ್ಟಿದರೆ ಔಷಧಿ ಹಾಳು. ನಡುವೆ ನಾಲ್ಕು ಪದರ ಕಾಗದ ಹಾಕಿ. ಅಲುಗಾಡಿಸಬೇಡಿ. ಕಾಗದದ ಡಬ್ಬಿಯಿಂದ ತೆಗೆಯಬೇಡಿ, ಬೆಳಕು ಆಗೋದಿಲ್ಲ. ಒಬ್ಬ ಹುಡುಗ ಹುಮನಾಬಾದ್ ಕಡೆಯಿಂದ ಅಪ್ಪನ ವಯಲನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ. "ಬಿಸಿಲು ತಾಗಬಾರ್ದು ಅಂದ್ರಲ್ಲ ಅದಕ್ಕ" ಅಂದ. ಅವನನ್ನು ಬೈಯಲು ಬಾಯಿ ಬರಲಿಲ್ಲ.

ಇನ್ನೊಂದು ವಿಷಯ. "ಕಮ್ಮಿ ಡೋಸ್ ಇಮ್ಯುನೊ ಅಗ್ಗ ಆಗ್ತದಂತ" ಅಂತ ಈಗ ಬಹಳ ಜನ ಕೇಳುತ್ತಾರೆ. ಅದು ಸುಳ್ಳಲ್ಲ. ಮುಂಬೈಯ ಟಾಟಾ ಮೆಮೋರಿಯಲ್‌ನವರು 151 ಜನರ ಮೇಲೆ ಟ್ರಯಲ್ ಮಾಡಿ 2022ರಲ್ಲಿ ತೋರಿಸಿದರು: ಬರೀ 20 ಮಿಲಿಗ್ರಾಂ ನಿವೊಲುಮಾಬನ್ನು ಬೇರೆ ಮಾತ್ರೆಗಳ ಜೊತೆ ಸೇರಿಸಿದಾಗ ಒಂದು ವರ್ಷ ದಾಟಿದವರು 100ಕ್ಕೆ 16ರಿಂದ 43ಕ್ಕೆ ಏರಿದರು. ದೊಡ್ಡ ಕೆಲಸವೇ. ಆದರೆ ಅದು ಬಾಯಿ, ಗಂಟಲು ಕಡೆಯ ಕ್ಯಾನ್ಸರಿಗೆ. ಕರುಳಿಗೆ ಹಾಗೇ ತಂದು ಅಂಟಿಸಬಾರದು. ನಿಮ್ಮ ಡಾಕ್ಟರ್ ಲೆಕ್ಕ ಹಾಕಿ ಹೇಳಿದರೆ ಬೇರೆ ಮಾತು.

ಆಪರೇಷನ್ನಿಗೂ ಮೊದಲೇ ಸಿಕ್ಕಿದರೆ

ಹೊಸ ಸುದ್ದಿಗಳೆಲ್ಲ ಇಲ್ಲಿವೆ. ಹಂತ ಎರಡು ಮೂರರಲ್ಲಿ ಇದ್ದವರು ಇದನ್ನು ಎರಡು ಸಲ ಓದಿ.

ಗುದನಾಳದ ಕ್ಯಾನ್ಸರಿಗೆ ಮಾಮೂಲಿ ದಾರಿ ಅಂದರೆ ರೇಡಿಯೇಷನ್, ಕೀಮೋ, ಆಪರೇಷನ್. ಗಡ್ಡೆ ತೀರಾ ಕೆಳಗಿದ್ದರೆ ಹೊಟ್ಟೆಗೆ ಚೀಲ, ಕೆಲವರಿಗೆ ಜೀವನಪೂರ್ತಿ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಡಿಎಂಎಂಆರ್ ಇದ್ದವರಿಗೆ ಇದ್ಯಾವುದನ್ನೂ ಕೊಡದೇ ಡೊಸ್ಟಾರ್ಲಿಮಾಬ್ ಒಂದನ್ನೇ ಮೂರು ವಾರಕ್ಕೊಮ್ಮೆ ಆರು ತಿಂಗಳು ಕೊಟ್ಟರು. 2022ರಲ್ಲಿ ಮೊದಲ 12 ಜನರ ಫಲಿತಾಂಶ ಬಂತು. 12 ಜನರಲ್ಲೂ ಗಡ್ಡೆ ಕಾಣದಾಯಿತು. ಪತ್ರಿಕೆಗಳು "ಕ್ಯಾನ್ಸರಿಗೆ ಮದ್ದು ಸಿಕ್ಕಿತು" ಅಂತ ಬರೆದವು. ಯಾವ ಕ್ಯಾನ್ಸರ್ ಅನ್ನೋದು ಆರನೇ ಸಾಲಿನಲ್ಲಿತ್ತು. 2025ರ ಹೊತ್ತಿಗೆ ಚಿಕಿತ್ಸೆ ಮುಗಿಸಿದ 49 ಗುದನಾಳದ ರೋಗಿಗಳಲ್ಲೂ ಅದೇ ಫಲಿತಾಂಶ.

ಗುದನಾಳಕ್ಕಿಂತ ಮೇಲಿನ ದೊಡ್ಡ ಕರುಳಿಗೆ ನೆದರ್ಲೆಂಡ್ಸ್‌ನ ನಿಶ್-2 ಅನ್ನುವ ಟ್ರಯಲ್ ಇದೆ. ಆಪರೇಷನ್ನಿಗೆ ಮೊದಲು ಕೆಲವೇ ವಾರ ಜೋಡಿ ಔಷಧಿ. ಆಮೇಲೆ ಕತ್ತರಿಸಿ ತೆಗೆದ ಕರುಳನ್ನು ನೋಡಿದರೆ 111 ಜನರಲ್ಲಿ 100ಕ್ಕೆ 68 ಜನರಲ್ಲಿ ಜೀವಂತ ಕ್ಯಾನ್ಸರ್ ಕೋಶ ಒಂದೂ ಇರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿದೆ. ಗುದನಾಳದ ಗಡ್ಡೆ, ಡಿಎಂಎಂಆರ್, ಇನ್ನೂ ಹರಡಿಲ್ಲ ಅಂದರೆ ಆಪರೇಷನ್ ತಾರೀಖು ಹಿಡಿಯುವ ಮೊದಲು ದೊಡ್ಡ ಕೇಂದ್ರಕ್ಕೆ ಒಂದು ಸಲ ಹೋಗಿ ಬನ್ನಿ. ದೂರ ಆದರೂ ಪರವಾಗಿಲ್ಲ. ಒಮ್ಮೆ ಕತ್ತರಿಸಿದ ಮೇಲೆ, ಒಮ್ಮೆ ರೇಡಿಯೇಷನ್ ಆದಮೇಲೆ ಈ ಬಗೆಯ ಟ್ರಯಲ್‌ಗಳ ಬಾಗಿಲು ಮುಚ್ಚುತ್ತದೆ.

ಆದರೆ ಗಡ್ಡೆ ಮಾಯವಾದ ಮೇಲೆ ಕಾಯುವ ಕೆಲಸ ಶುರು. ಕೆಲವು ತಿಂಗಳಿಗೊಮ್ಮೆ ಸ್ಕೋಪು, ಎಂಆರ್‌ಐ, ವರ್ಷಗಟ್ಟಲೆ. "ಆರಾಮ ಆಗೀನಿ, ಯಾಕ ಹೋಗ್ಬೇಕು" ಅನ್ನುವ ಸ್ವಭಾವದವರಿಗೆ, ಕರೆದುಕೊಂಡು ಹೋಗಲು ಮನೆಯಲ್ಲಿ ಯಾರೂ ಇಲ್ಲದವರಿಗೆ ಆಪರೇಷನ್ನೇ ಹೆಚ್ಚು ಭದ್ರ ಅಂತ ನನಗನ್ನಿಸುತ್ತದೆ. ಡಾಕ್ಟರ ಮುಂದೆ ಇದನ್ನು ಮುಚ್ಚಿಡಬೇಡಿ.

ಆಪರೇಷನ್ ಆಗಿಹೋಗಿದೆ, ಮೂರನೇ ಹಂತ ಅಂತ ಬಂದಿದೆ ಅನ್ನೋರಿಗೆ ಅಟಾಮಿಕ್ ಅನ್ನುವ ಟ್ರಯಲ್‌ನ ಫಲ 2025ರಲ್ಲಿ ಬಂತು. ಡಿಎಂಎಂಆರ್ ಇದ್ದವರಿಗೆ ಕೀಮೋ ಜೊತೆ ಅಟಿಜೊಲಿಜುಮಾಬ್ ಅನ್ನುವ ಇಮ್ಯುನೊ ಔಷಧಿ ಸೇರಿಸಿದರೆ ಮೂರು ವರ್ಷ ರೋಗ ಮರುಕಳಿಸದೇ ಇದ್ದವರು 100ಕ್ಕೆ 86, ಬರೀ ಕೀಮೋದಲ್ಲಿ 77. ಡಾಕ್ಟರ ಹತ್ತಿರ ಹೆಸರು ಹೇಳಿ ಕೇಳಿ.

ಎರಡು ಟ್ರಯಲ್ ಮುಂದಿದ್ದರೆ ಯಾವುದು?

ಕಾಕಾನಿಗೆ ಎರಡು ಸಿಕ್ಕಿದ್ದವು. ಒಂದು ಹೈದರಾಬಾದಿನಲ್ಲಿ. ನಮಗೆ ಹತ್ತಿರ, ಭಾಷೆ ನಡೆಯುತ್ತದೆ, ಅತ್ತೆಯ ಮನೆಯೂ ಅಲ್ಲೇ. ಇನ್ನೊಂದು ಮುಂಬೈಯಲ್ಲಿ. ಮನೆಯವರೆಲ್ಲ ಹೈದರಾಬಾದ್ ಅಂದರು. ನಾನು ಕಾಗದದಲ್ಲಿ 'ಆರ್ಮ್' ಅನ್ನುವ ಭಾಗ ನೋಡಿದೆ. ರೋಗಿಗಳನ್ನು ಯಾವ ಯಾವ ಗುಂಪು ಮಾಡುತ್ತಾರೆ ಅನ್ನೋದು ಅಲ್ಲಿರುತ್ತದೆ.

ಹೈದರಾಬಾದಿನದರಲ್ಲಿ ಅರ್ಧ ಜನರಿಗೆ ಬರೀ ಕೀಮೋ. ರೋಗ ಮುಂದುವರಿದರೆ ಆಮೇಲೆ ಇಮ್ಯುನೊ. ಯಾವ ಗುಂಪು ಅನ್ನೋದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಎತ್ತುತ್ತದೆ. ಡಾಕ್ಟರಿಗೂ ಆರಿಸುವ ಅಧಿಕಾರ ಇಲ್ಲ. ಮುಂಬೈಯದರಲ್ಲಿ ಎರಡೂ ಗುಂಪಿಗೆ ಇಮ್ಯುನೊ, ಒಂದು ಗುಂಪಿಗೆ ಜೊತೆಗೆ ಇನ್ನೊಂದು ಹೊಸ ಔಷಧಿ. ಚೀಟಿ ಯಾವ ಕಡೆ ಬಿದ್ದರೂ ಕೆಲಸ ಮಾಡುತ್ತದೆ ಅಂತ ಗೊತ್ತಿರುವ ಔಷಧಿ ಸಿಕ್ಕೇ ಸಿಗುತ್ತದೆ. ನಾನು ಮುಂಬೈ ಅಂದೆ. ಕೀನೋಟ್-177ರಲ್ಲಿ ಕೀಮೋ ಗುಂಪಿನ ಬಹಳ ಜನ ಆಮೇಲೆ ಇಮ್ಯುನೊ ತಗೊಂಡಿದ್ದರು. ಆದರೂ ಐದು ವರ್ಷಕ್ಕೆ ಬದುಕಿದ್ದವರು 100ಕ್ಕೆ 44, ಮೊದಲೇ ತಗೊಂಡವರಲ್ಲಿ 55. ಅಂದರೆ "ಆಮೇಲೆ ಕೊಡ್ತೀವಲ್ಲ" ಅನ್ನೋದು ಪೂರ್ತಿ ಸಮಾಧಾನ ಕೊಡುವ ಮಾತಲ್ಲ.

ಇದರರ್ಥ ಕೀಮೋ ಗುಂಪಿರುವ ಟ್ರಯಲ್ ಕೆಟ್ಟದ್ದು ಅಂತಲ್ಲ. ಔಷಧಿ ಕೊಳ್ಳಲು ಆಗೋದೇ ಇಲ್ಲ ಅನ್ನುವವರಿಗೆ ಅರ್ಧ ಅವಕಾಶವೂ ಅವಕಾಶವೇ. ಬೇರೆ ದಾರಿ ಇರುವವರು ಮಾತ್ರ ಎರಡು ಸಲ ಯೋಚಿಸಬೇಕು.

ಫೇಸ್ ಅನ್ನೋದನ್ನೂ ನೋಡಿ. ಫೇಸ್ 1 ಅಂದರೆ ಎಷ್ಟು ಡೋಸ್ ಮೈ ತಡೆಯುತ್ತದೆ ಅಂತ ನೋಡೋದು. ಫೇಸ್ 2 ಕೆಲಸ ಮಾಡುತ್ತದಾ ಅಂತ. ಫೇಸ್ 3 ಈಗಿರುವುದಕ್ಕಿಂತ ಮೇಲಾ ಅಂತ. ಡಿಎಂಎಂಆರ್ ಇದ್ದು ಇನ್ನೂ ಏನೂ ಚಿಕಿತ್ಸೆ ಆಗದವರು ಫೇಸ್ 1ಕ್ಕೆ ಅವಸರ ಪಡಬೇಕಿಲ್ಲ. ಕೊರತೆ ಇಲ್ಲದವರಿಗೆ, ಎಲ್ಲ ಕೀಮೋ ಮುಗಿದವರಿಗೆ ಫೇಸ್ 1 ಒಂದು ನಿಜವಾದ ಆಯ್ಕೆ. ಅವರು ತಮ್ಮ ದುಡ್ಡಿನಿಂದ ಇಮ್ಯುನೊ ಕೊಂಡು ಹಾಕಿಸುವುದಕ್ಕಿಂತ ಅದು ಮೇಲು.

ಸಕ್ಕರೆ ನೀರು ಕೊಟ್ಟು ಮೋಸ ಮಾಡುತ್ತಾರೆ ಅನ್ನುವ ಭಯ ಬಹಳ ಜನರಿಗಿದೆ. ಕೆಲಸ ಮಾಡುವ ಚಿಕಿತ್ಸೆ ಇರುವ ಕ್ಯಾನ್ಸರಿನಲ್ಲಿ ಅದನ್ನು ತಪ್ಪಿಸಿ ಬರೀ ಹುಸಿ ಔಷಧಿ ಕೊಡುವುದಕ್ಕೆ ಎಥಿಕ್ಸ್ ಕಮಿಟಿ, ಅಂದರೆ ರೋಗಿಗಳ ಹಿತ ಕಾಯುವ ಸಮಿತಿ, ಒಪ್ಪುವುದಿಲ್ಲ. ಹುಸಿ ಔಷಧಿ ಇದ್ದರೂ ಮಾಮೂಲಿ ಚಿಕಿತ್ಸೆಯ ಜೊತೆಗೆ ಇರುತ್ತದೆ, ಮತ್ತು ಅದನ್ನು ಕಾಗದದಲ್ಲಿ ಬರೆದಿರುತ್ತಾರೆ.

ಟ್ರಯಲ್ ನಿಜವಾದದ್ದಾ ಅಂತ ತಿಳಿಯಲು ಸಿಟಿಆರ್‌ಐ ಅನ್ನುವ ಸರ್ಕಾರಿ ನೋಂದಣಿ ಇದೆ. 2007ರಲ್ಲಿ ಶುರುವಾದದ್ದು, 2009ರಿಂದ ಅಲ್ಲಿ ನೋಂದಾಯಿಸದೇ ಟ್ರಯಲ್ ಮಾಡುವಂತಿಲ್ಲ. ಫೋನಿನಲ್ಲೇ ನೋಡಬಹುದು. ರೋಗದ ಹೆಸರು ಹಾಕಿದರೆ ಯಾವ ಊರು, ಯಾವ ಆಸ್ಪತ್ರೆ, ಜನ ತಗೊಳ್ಳುತ್ತಿದ್ದಾರಾ ಇಲ್ಲಾ ಮುಗಿದಿದೆಯಾ, ಎಲ್ಲ ಬರುತ್ತದೆ. ಅದರಲ್ಲಿ ಇಲ್ಲದ್ದನ್ನು ಟ್ರಯಲ್ ಅಂತ ಹೇಳಿ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ನಿಜವಾದ ಟ್ರಯಲ್‌ನಲ್ಲಿ ಪರೀಕ್ಷೆಗೆ ಒಳಪಟ್ಟ ಔಷಧಿಗೆ ದುಡ್ಡು ಕೇಳುವುದಿಲ್ಲ. 2019ರ ನಿಯಮದ ಪ್ರಕಾರ ಟ್ರಯಲ್‌ನಿಂದ ಮೈಗೆ ತೊಂದರೆ ಆದರೆ ಚಿಕಿತ್ಸೆಯೂ ಅವರದು, ಪರಿಹಾರವೂ ಅವರದು. ಯಾವಾಗ ಬೇಕಾದರೂ ಬಿಟ್ಟು ಬರಬಹುದು.

ಕಾಗದ ಕನ್ನಡದಲ್ಲೇ ಕೇಳಿ. ನಮಗೆ ಮೊದಲು ಕೊಟ್ಟದ್ದು ಇಂಗ್ಲಿಷ್, ಹಿಂದಿ, ಮರಾಠಿ. ಕಾಕಾ ಹಿಂದಿ ಮಾತಾಡುತ್ತಾನೆ, ಓದಲು ಬರೋದಿಲ್ಲ. ಕೋಆರ್ಡಿನೇಟರ್ ಹುಡುಗಿ "ನಾನೇ ಓದಿ ಹೇಳ್ತೀನಿ ಅಂಕಲ್, ಸಹಿ ಮಾಡಿ" ಅಂದಳು. ಕಾಕಾ ಪೆನ್ನು ಕೆಳಗಿಟ್ಟ. "ತೊಗರಿ ತೂಕದ ಚೀಟಿ ಸೈತ ಓದ್ದೇ ಸಹಿ ಹಾಕಾಂವಲ್ಲ ನಾ" ಅಂದ. ಎಂಟು ದಿನಕ್ಕೆ ಕನ್ನಡದ ಪ್ರತಿ ಬಂತು. 22 ಪುಟ. ಲಾಡ್ಜಿನ ಮಂಚದ ಮೇಲೆ ಕೂತು ಬೆರಳಿಟ್ಟು ಓದಿದ. ಹದಿನಾಲ್ಕನೇ ಪುಟದಲ್ಲಿ ನಿಂತು ಒಂದು ಪ್ರಶ್ನೆ ಕೇಳಿದ, ನನಗೆ ಹೊಳೆದೇ ಇರಲಿಲ್ಲ: "ಟ್ರಯಲ್ ಮುಗದ್ರ ಔಷಧ ನಿಲ್ಲಸ್ತಾರೇನು, ಕೊಡ್ತಾರೇನು?" ನೀವೂ ಕೇಳಿ. ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ತೋರಿಸಿ ಅನ್ನಿ.

ಬಾಗಿಲು ಮುಚ್ಚುವ ಸಣ್ಣ ಸಂಗತಿಗಳು

ಕಾಕಾ ಟ್ರಯಲ್‌ಗೆ ಆಯ್ಕೆ ಆಗುವುದು ಎರಡು ವಾರ ತಡವಾಯಿತು. ಕಾರಣ ಮೊಣಕಾಲು ನೋವು. ಊರಿನಲ್ಲಿ ಯಾರೋ ಬಿಳಿ ಗುಳಿಗೆ ಕೊಟ್ಟಿದ್ದರು. ನುಂಗಿದರೆ ನೋವು ಮಾಯ, ಹಸಿವೂ ಜೋರು. ಡಾಕ್ಟರ ಚೀಟಿ ಇಲ್ಲ, ಕಾಕಾನಿಗೆ ಹೆಸರೂ ಗೊತ್ತಿಲ್ಲ. ನಾನು ಪೊಟ್ಟಣ ನೋಡಿದೆ: ಪ್ರೆಡ್ನಿಸೊಲೋನ್, ಸ್ಟೆರಾಯ್ಡ್. ಸ್ಟೆರಾಯ್ಡ್ ಇಮ್ಯುನೊ ಔಷಧಿಗೆ ಎದುರಾಳಿ. ಒಂದು ಬ್ರೇಕ್ ಬಿಡಿಸುತ್ತದೆ, ಇನ್ನೊಂದು ಒತ್ತುತ್ತದೆ. ಬಹಳ ಟ್ರಯಲ್‌ಗಳು ದಿನಕ್ಕೆ 10 ಮಿಲಿಗ್ರಾಂಗಿಂತ ಹೆಚ್ಚು ಸ್ಟೆರಾಯ್ಡ್ ತಗೊಳ್ಳುವವರನ್ನು ಸೇರಿಸಿಕೊಳ್ಳೋದಿಲ್ಲ. ನಿಮ್ಮವರು ನುಂಗುವ ಎಲ್ಲ ಗುಳಿಗೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಆದರೆ ಬಹಳ ದಿನದ ಸ್ಟೆರಾಯ್ಡನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಅದು ಅಪಾಯ.

ಟಿಬಿ ಇದ್ದರೆ ಹೇಳಿ, ಹಿಂದೆ ಆಗಿದ್ದರೂ ಹೇಳಿ. ಸಂಧಿವಾತ, ಸೋರಿಯಾಸಿಸ್ ತರದ ದೇಹವೇ ದೇಹದ ಮೇಲೆ ಬೀಳುವ ರೋಗಗಳಿದ್ದರೂ ಹೇಳಿ. ಎಲ್ಲಕ್ಕಿಂತ ದೊಡ್ಡದು ಇದು: ಮೊದಲೇ ಒಂದೆರಡು ಡೋಸ್ ಇಮ್ಯುನೊ ಹಾಕಿಸಿಕೊಂಡಿದ್ದರೆ ಬಹಳಷ್ಟು ಟ್ರಯಲ್‌ಗಳಿಗೆ ನೀವು ಅನರ್ಹರು. ಸಾಲ ಮಾಡಿ ಎರಡು ಡೋಸ್ ಹಾಕಿಸಿ, ದುಡ್ಡು ಮುಗಿದ ಮೇಲೆ ಟ್ರಯಲ್ ಹುಡುಕುತ್ತಾ ಬಂದ ಮೂರು ಕುಟುಂಬಗಳನ್ನು ಕಂಡಿದ್ದೇನೆ. ಹಣೆಬರಹ ಅಂದರು. ಹಣೆಬರಹ ಅಲ್ಲ, ಯಾರೂ ಮೊದಲು ಹೇಳಿರಲಿಲ್ಲ ಅಷ್ಟೇ.

ಯಾವ ಊರು?

ಬೀದರಿನವರಿಗೆ ಹೈದರಾಬಾದೇ ಸಲೀಸು, ಜಹೀರಾಬಾದ್ ಮೇಲಿಂದ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಯಾದಗಿರಿ ರೈಲು ಮಾರ್ಗದ ಮೇಲೇ ಇದೆ, ಅವರಿಗೆ ಬೆಂಗಳೂರಿನ ಕಿದ್ವಾಯಿಯೂ ಆದೀತು. ಕಲಬುರಗಿಯವರಿಗೆ ಮೂರೂ ದಿಕ್ಕು ತೆರೆದಿದೆ. ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಮುಂಬೈ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗುವಾಗ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್. ಆಸ್ಪತ್ರೆಯಿಂದ ಫಾರಂ ಬರೆಸಿಕೊಳ್ಳಿ. ಟ್ರಯಲ್‌ನವರು ಓಡಾಟದ ಖರ್ಚು ಕೊಡುತ್ತಾರಾ ಅಂತ ಮೊದಲೇ ಕೇಳಿ, ನಾಚಿಕೆ ಬೇಡ.

ಕಿಲೋಮೀಟರ್ ಲೆಕ್ಕಕ್ಕಿಂತ ಎಷ್ಟು ಸಲ ಹೋಗಬೇಕು ಅನ್ನೋ ಲೆಕ್ಕ ಮುಖ್ಯ. ಮೂರು ವಾರಕ್ಕೊಮ್ಮೆ ಅಂದರೆ ವರ್ಷಕ್ಕೆ 17 ಸಲ. ಬಿತ್ತನೆ, ಜಾತ್ರೆ, ಮದುವೆ ಯಾವುದಕ್ಕೂ ತಾರೀಖು ಸರಿಯೋದಿಲ್ಲ.

ಊರಿಗೆ ಬಂದಮೇಲಿನ ರಾತ್ರಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೀಮೋದ ಹಾಗೆ ಕೂದಲು ಉದುರೋದಿಲ್ಲ, ಹಾಗಾಗಿ ಎಲ್ಲರಿಗೂ ಆರಾಮ ಕಾಣಿಸುತ್ತದೆ. ಆದರೆ ಬ್ರೇಕ್ ಬಿಟ್ಟ ಕಾವಲು ಪಡೆ ನಮ್ಮದೇ ಅಂಗದ ಮೇಲೆ ಬೀಳಬಹುದು: ಥೈರಾಯ್ಡ್, ಕರುಳು, ಲಿವರ್, ಶ್ವಾಸಕೋಶ. ದಿನಕ್ಕೆ ನಾಲ್ಕೈದು ಸಲ ಭೇದಿ ಶುರುವಾದರೆ ಊರಿನ ಡಾಕ್ಟರ್ ಸಹಜವಾಗಿ ಭೇದಿ ನಿಲ್ಲಿಸೋ ಮಾತ್ರೆ ಕೊಡುತ್ತಾರೆ. ಇಲ್ಲಿ ಅದು ಸಾಲದು. ಬೇಕಾಗೋದು ಅನೇಕ ಸಲ ಅದೇ ಸ್ಟೆರಾಯ್ಡ್, ಈ ಸಲ ಡಾಕ್ಟರ ಕೈಯಿಂದ. ಒಣಕೆಮ್ಮು, ಏದುಸಿರು ಬಂದರೂ ಕಾಯಬೇಡಿ. ಟ್ರಯಲ್‌ನವರು ಒಂದು ಕಾರ್ಡ್ ಕೊಡುತ್ತಾರೆ. ಕಾಕಾ ಅದನ್ನು ಫೋನಿನ ಕವರಿನಲ್ಲಿ ಇಟ್ಟುಕೊಂಡಿದ್ದಾನೆ. ಅವನಿಗೆ ಐದನೇ ತಿಂಗಳಲ್ಲಿ ಥೈರಾಯ್ಡ್ ಕುಂದಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ, ಅಷ್ಟೇ. ಲಿವರ್‌ನ ಕಲೆಗಳಲ್ಲಿ ಎರಡು ಹೋಗಿವೆ, ಒಂದು ಕುಗ್ಗಿ ಕೂತಿದೆ.

ಮನೆಯ ಇನ್ನುಳಿದವರು

ಡಿಎಂಎಂಆರ್ ಬಂದವರಲ್ಲಿ ಕೆಲವರಿಗೆ ಅದು ಹುಟ್ಟಿನಿಂದ ಬಂದಿರುತ್ತದೆ. ಲಿಂಚ್ ಸಿಂಡ್ರೋಮ್ ಅನ್ನುತ್ತಾರೆ. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ರಕ್ತಪರೀಕ್ಷೆಯಲ್ಲಿ ಕಾಕಾನದು ಅದೇ ಅಂತ ಬಂತು. ಕೌನ್ಸೆಲರ್ ವಂಶವೃಕ್ಷ ಬರೆಯುತ್ತಾ ಒಂದು ಕಡೆ ಪೆನ್ನು ನಿಲ್ಲಿಸಿದರು. ನಮ್ಮ ಕಾಕಿ ಕಾಕಾನ ಅಕ್ಕನ ಮಗಳು. ನಮ್ಮ ಕಡೆ ಸೋದರಮಾವನನ್ನು ಮದುವೆ ಆಗೋದು ಹೊಸದೇನಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಜೀನ್ ಕೆಟ್ಟಿದ್ದರೆ ಮಗುವಿಗೆ ಎರಡೂ ಕಡೆಯಿಂದ ಬರಬಹುದು, ಆಗ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಆಗುವ ಭಯ. ಆ ಹದಿನೈದು ದಿನ ಕಾಕಿ ಊಟ ಮಾಡಿದ್ದು ನಾನು ಕಾಣೆ.

ಕಾಕಿಯ ರಿಪೋರ್ಟ್ ಬಂತು, ಅವಳಿಗಿಲ್ಲ. ಮಗಳಿಗೂ ಇಲ್ಲ. ದೊಡ್ಡ ಮಗನಿಗೆ ಇದೆ. ವಯಸ್ಸು 28, ಮೈಯಲ್ಲಿ ಏನೂ ತೊಂದರೆ ಇಲ್ಲ. ಇನ್ನು ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೊಪಿ ಮಾಡಿಸುತ್ತಿರಬೇಕು. ಅಪ್ಪನ ಇಂಜೆಕ್ಷನ್ ಇರುವ ವಾರವೇ ಮುಂಬೈಯಲ್ಲಿ ತನ್ನ ಕೊಲೊನೊಸ್ಕೊಪಿಯ ತಾರೀಖನ್ನೂ ಹಾಕಿಸಿಕೊಂಡಿದ್ದಾನೆ. ಲಾಡ್ಜಿನ ಬಾಡಿಗೆ ಒಂದೇ ಆಗುತ್ತದಲ್ಲ ಅಂತ.